ಉಚಿತವಾದದ್ದೆಲ್ಲ ಉಚಿತವೆ?

ಕಾಸು ಕೊಡದೆ ಸಿಕ್ಕಿದ ವಸ್ತುವಿಗೆ ಕನ್ನಡದಲ್ಲಿ ಹಲವು ಮಾತುಗಳಿವೆ. ಅವುಗಳಲ್ಲಿ ಎರಡು ವಿಚಾರಮಾಡತಕ್ಕವು. ಒಂದು ‘ಉಚಿತ’. ಸಂಸ್ಕೃತದಲ್ಲಿ ಅದರ ಅರ್ಥ ಯೋಗ್ಯವಾದದ್ದು, ತಕ್ಕದ್ದು ಎಂದು. ನಾವೂ ‘ಉಚಿತಾನುಚಿತ’ ಎನ್ನುವಾಗ ಆ ಅರ್ಥದಲ್ಲೇ ಬಳಸುತ್ತೇವೆ. ಅದೇ ಮಾತು ಅಂಗಡಿಯ ಬೋರ್ಡಿನ ಮೇಲೆ ಏರಿದಾಗ ‘ದುಡ್ಡು ಕೊಡಬೇಕಾಗಿಲ್ಲ’ ಎಂದಾಗುತ್ತದೆ. ಇನ್ನೊಂದು ‘ಬಿಟ್ಟಿ’. ಇದು ‘ವಿಷ್ಟಿ’ ಎಂಬುದರ ತದ್ಭವ. ಅರಸನಿಗೋ ಊರಗೌಡನಿಗೋ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಬಲವಂತದ ಚಾಕರಿಗೆ ಆ ಹೆಸರು. ಒಬ್ಬನಿಗೆ ಬಿಟ್ಟಿಯಾಗಿ ಸಿಕ್ಕಿದ್ದು ಇನ್ನೊಬ್ಬನು ಬಿಟ್ಟಿ ದುಡಿದದ್ದು ಎಂಬ ಸತ್ಯ ಆ ಮಾತಿನೊಳಗೇ ಅಡಗಿದೆ. ಹಾಗಾದರೆ ಪುಕ್ಕಟೆ ಸಿಕ್ಕಿದ್ದು ಯಾವಾಗ ‘ಉಚಿತ’, ಯಾವಾಗ ‘ಬಿಟ್ಟಿ’? ಈ ಪ್ರಶ್ನೆಯನ್ನು ಇಂದಿನ ಒಂದು ಉದಾಹರಣೆಯನ್ನಿಟ್ಟುಕೊಂಡು ಪರಿಶೀಲಿಸಬಹುದು.

ಹೊರನಾಡಿನ ನಮ್ಮ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವವರು ಈಗ ಕಡಿಮೆಯೇನಲ್ಲ. ಆರು ತಿಂಗಳು ಅಲ್ಲಿದ್ದು ಬಂದ ತಂದೆತಾಯಿಗಳು ನಯಾಗರಾ ಜಲಪಾತದ ವರ್ಣನೆಯ ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತಾರೆ: “ಎರಡು ರಾತ್ರಿ ದೊಡ್ಡ ಹೋಟೆಲಿನಲ್ಲಿ ಉಳಿದೆವು. ಒಂದು ಡಾಲರನ್ನೂ ಕೊಡಲಿಲ್ಲ. ಎಲ್ಲ ಮಗನ ಪಾಯಿಂಟಿನಲ್ಲೇ ಆಯಿತು.” ಹೋಟೆಲು ಎಂದರೆ ನಮಗೆ ಮೊದಲು ನೆನಪಾಗುವುದು ಇಡ್ಲಿ ಕಾಫಿ. ಅಲ್ಲಿ ಅದು ತಂಗುವ ಮನೆ. ಈ ಪಾಯಿಂಟುಗಳು ಬರುವುದು ಹೋಟೆಲು ಕಂಪೆನಿ ಮತ್ತು ಬ್ಯಾಂಕು ಒಂದಾಗಿ ಕೊಡುವ ಕ್ರೆಡಿಟ್ ಕಾರ್ಡಿನಿಂದ. ಅದರಲ್ಲೂ ಕೆಲವು ಕಾರ್ಡುಗಳಿಗೆ ವಾರ್ಷಿಕ ಶುಲ್ಕವೇ ಇಲ್ಲ. ಕಾರ್ಡು ಪುಕ್ಕಟೆ, ಕೊಠಡಿ ಪುಕ್ಕಟೆ. ಸರ್ಕಾರಿ ಕಚೇರಿಯಲ್ಲಿ ಬಿಲ್ಲು ಬರೆದು ಕೈ ಪಳಗಿದವನಿಗೆ ಇದನ್ನು ಕೇಳಿದೊಡನೆ ಒಂದೇ ಪ್ರಶ್ನೆ ಏಳುತ್ತದೆ: ಈ ಖರ್ಚು ಯಾವ ಹೆಡ್ಡಿಗೆ? ಬಿಲ್ಲು ಹತ್ತು ರೂಪಾಯಿಯದಾಗಲಿ ಹತ್ತು ಲಕ್ಷದ್ದಾಗಲಿ, ಆ ಕಲಮು ಖಾಲಿ ಬಿಟ್ಟರೆ ಆಡಿಟ್ಟಿನವರು ಪಾಸು ಮಾಡುವುದಿಲ್ಲ.

ಮೊದಲು ಯಂತ್ರ ಹೇಗೆ ನಡೆಯುತ್ತದೆಂದು ನೋಡೋಣ. ಹಿಲ್ಟನ್ ಹೋಟೆಲುಗಳ ಹೆಸರಿನಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕೊಡುವ ಶುಲ್ಕವಿಲ್ಲದ ಕಾರ್ಡನ್ನೇ ತೆಗೆದುಕೊಳ್ಳಿ. 2024ರಲ್ಲಿದ್ದ ನಿಯಮದಂತೆ ಹಿಲ್ಟನ್ ಹೋಟೆಲುಗಳಲ್ಲಿ ಖರ್ಚುಮಾಡಿದ ಪ್ರತಿ ಡಾಲರಿಗೆ 7 ಪಾಯಿಂಟು. ಅಮೆರಿಕದ ಊಟದ ಮನೆ, ದಿನಸಿಯ ಸೂಪರ್ ಮಾರ್ಕೆಟ್, ಪೆಟ್ರೋಲ್ ಬಂಕುಗಳಲ್ಲಿ 5. ಮಿಕ್ಕ ಕಡೆ 3. ಒಂದು ಪಾಯಿಂಟಿನ ಬೆಲೆಯನ್ನು ಸ್ಥೂಲವಾಗಿ ಅರ್ಧ ಸೆಂಟು ಎಂದು ಹಿಡಿಯೋಣ. 30,000 ಪಾಯಿಂಟು ಕೇಳುವ ಕೊಠಡಿ ಎಂದರೆ ಸುಮಾರು 150 ಡಾಲರಿನದು. ದಿನಸಿಯಿಂದಲೇ ಅಷ್ಟು ಗಳಿಸಬೇಕಾದರೆ 6,000 ಡಾಲರು ಖರ್ಚಾಗಬೇಕು; ಮಿಕ್ಕ ಖರ್ಚಿನಿಂದಾದರೆ 10,000. ಕಾರ್ಡು ತೆಗೆದುಕೊಂಡ ಮೊದಲ ತಿಂಗಳುಗಳಲ್ಲಿ ಇಂತಿಷ್ಟು ಖರ್ಚುಮಾಡಿದರೆ ಹತ್ತಾರು ಸಾವಿರ ಪಾಯಿಂಟು ಸ್ವಾಗತದ ಉಡುಗೊರೆಯಾಗಿ ಬರುವುದೂ ಉಂಟು. ‘ಒಂದು ಡಾಲರನ್ನೂ ಕೊಡದ’ ರಾತ್ರಿಯ ಹಿಂದೆ ಇಷ್ಟು ಲೆಕ್ಕವಿದೆ.

ಪಾಯಿಂಟು ಹೋಟೆಲಿನ ಸರಕು. ಬ್ಯಾಂಕು ಅದನ್ನು ಹೋಟೆಲು ಕಂಪೆನಿಯಿಂದ ರೊಕ್ಕ ಕೊಟ್ಟು ಕೊಳ್ಳುತ್ತದೆ. ಇದು ಎಷ್ಟು ದೊಡ್ಡ ವ್ಯಾಪಾರವೆಂಬುದು 2020ರಲ್ಲಿ ಎಲ್ಲರಿಗೂ ಕಾಣಿಸಿತು. ಕೊರೋನಾದಿಂದ ಹೋಟೆಲುಗಳು ಬಿಕೋ ಎನ್ನುತ್ತಿದ್ದ ಆ ಏಪ್ರಿಲ್ಲಿನಲ್ಲಿ ಹಿಲ್ಟನ್ ಕಂಪೆನಿ 100 ಕೋಟಿ ಡಾಲರಿನ ಪಾಯಿಂಟುಗಳನ್ನು ಮುಂಗಡವಾಗಿ ಅಮೆರಿಕನ್ ಎಕ್ಸ್‌ಪ್ರೆಸ್ಸಿಗೆ ಮಾರಿತು. ಮುಂದಿನ ತಿಂಗಳು ಮ್ಯಾರಿಯಟ್ ಕಂಪೆನಿ ತನ್ನ ಎರಡು ಕಾರ್ಡು ಬ್ಯಾಂಕುಗಳಿಂದ 92 ಕೋಟಿ ಡಾಲರು ಎತ್ತಿತು. ಒಬ್ಬ ಅತಿಥಿಯೂ ಇಲ್ಲದ ಕೊಠಡಿಗಳ ಭವಿಷ್ಯದ ರಾತ್ರಿಗಳು ಹೀಗೆ ರೊಕ್ಕವಾದವು. ಬಿಟ್ಟಿ ಕೊಡುವ ವಸ್ತುವಿಗೆ ಇಂಥ ಬೆಲೆ ಎಲ್ಲಿಂದ ಬರಬೇಕು?

ವಾರ್ಷಿಕ ಶುಲ್ಕ ಏಕಿಲ್ಲ ಎಂಬುದಕ್ಕೂ ಒಂದು ಚರಿತ್ರೆಯಿದೆ. 1980ರ ಸುಮಾರಿಗೆ ಅಮೆರಿಕದ ಅನೇಕ ಬ್ಯಾಂಕುಗಳು ಕಾರ್ಡಿಗೆ ವಾರ್ಷಿಕ ಶುಲ್ಕ ಹಾಕತೊಡಗಿದ್ದವು. 1986ರಲ್ಲಿ ಸಿಯರ್ಸ್ ಅಂಗಡಿಗಳ ಕಂಪೆನಿ ಶುಲ್ಕವಿಲ್ಲದ, ಮೇಲಾಗಿ ಖರ್ಚಿನಲ್ಲಿ ಅಲ್ಪ ಭಾಗವನ್ನು ಹಿಂತಿರುಗಿಸುವ ಡಿಸ್ಕವರ್ ಕಾರ್ಡನ್ನು ದೇಶದ ತುಂಬ ಹರಡಿತು. 1990ರಲ್ಲಿ ಎ.ಟಿ. ಅಂಡ್ ಟಿ. ಟೆಲಿಫೋನ್ ಕಂಪೆನಿ ಆಜೀವ ಶುಲ್ಕವಿಲ್ಲದ ಕಾರ್ಡನ್ನು ತಂದಿತು. ಅತ್ತ 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿಮಾನದ ಮೈಲಿಗಳನ್ನು ಕೂಡಿಟ್ಟು ಬಹುಮಾನ ಕೊಡುವ ಯೋಜನೆ ಆರಂಭಿಸಿತ್ತು. 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್, 1987ರಲ್ಲಿ ಹಿಲ್ಟನ್ ಅದೇ ದಾರಿ ಹಿಡಿದವು. ಈ ಎರಡು ಹೊಳೆಗಳು ಕೂಡಿದ ಸಂಗಮವೇ ಇಂದಿನ ಶುಲ್ಕವಿಲ್ಲದ ಹೋಟೆಲು ಕಾರ್ಡು. ಇದರಲ್ಲಿ ಮನುಷ್ಯಸ್ವಭಾವದ ಒಂದು ಗುಟ್ಟೂ ಇದೆ. ಶುಲ್ಕವಿರುವ ಕಾರ್ಡು ವರ್ಷಕ್ಕೊಮ್ಮೆಯಾದರೂ ‘ನಾನು ಬೇಕೇ?’ ಎಂದು ಕೇಳುತ್ತದೆ. ಶುಲ್ಕವಿಲ್ಲದ್ದು ಎಂದೂ ಕೇಳುವುದಿಲ್ಲ; ಜೇಬಿನಲ್ಲೇ ಉಳಿದುಬಿಡುತ್ತದೆ. ಜೇಬಿನಲ್ಲಿದ್ದದ್ದು ಇಂದಲ್ಲ ನಾಳೆ ಹೊರಕ್ಕೆ ಬರುತ್ತದೆ.

ಹಾಗಾದರೆ ಖರ್ಚಿನ ಹೆಡ್ಡುಗಳು ಯಾವುವು? ಮುಖ್ಯವಾಗಿ ಎರಡು.

ಮೊದಲನೆಯದು ಅಂಗಡಿಕಾರ. ನೂರು ಡಾಲರಿನ ವ್ಯಾಪಾರಕ್ಕೆ ಕಾರ್ಡು ತಿಕ್ಕಿದಾಗ ಅವನ ಕೈಗೆ ನೂರು ಬರುವುದಿಲ್ಲ. ಸಾಮಾನ್ಯವಾಗಿ ಎರಡರಿಂದ ಮೂರು ಡಾಲರು ನಡುವೆಯೇ ಕಡಿತವಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ. ಅಂಗಡಿಕಾರನೇನು ಧರ್ಮಕ್ಕೆ ಕೂತಿಲ್ಲ. ಅದನ್ನು ಆದಷ್ಟು ಮಟ್ಟಿಗೆ ಸಾಮಾನಿನ ಬೆಲೆಗೆ ಸೇರಿಸುತ್ತಾನೆ. ಕೆಲವು ಪೆಟ್ರೋಲ್ ಬಂಕುಗಳಲ್ಲಿ ನಗದಿಗೊಂದು ಕಾರ್ಡಿಗೊಂದು ದರವಿರುವುದುಂಟು. ಆದರೆ ಹೆಚ್ಚಿನ ಅಂಗಡಿಗಳಲ್ಲಿ ಬೆಲೆ ಎಲ್ಲರಿಗೂ ಒಂದೇ. ನಗದು ಕೊಡುವವನು ಅದೇ ಬೆಲೆ ತೆರುತ್ತಾನೆ, ಆದರೆ ಅವನಿಗೆ ಪಾಯಿಂಟಿಲ್ಲ. ‘ಆ ಕಾರ್ಡು ನನಗೆ ದುಬಾರಿ, ಈ ಕಾರ್ಡು ಕೊಡಿ’ ಎಂದು ಗಿರಾಕಿಯನ್ನು ಕೇಳುವುದನ್ನು ಅಂಗಡಿಕಾರನಿಗೆ ನಿಷೇಧಿಸುವ ಕರಾರನ್ನು ಅಮೆರಿಕನ್ ಎಕ್ಸ್‌ಪ್ರೆಸ್ ಇಟ್ಟುಕೊಂಡಿತ್ತು. ಅದರ ವಿರುದ್ಧದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರಲ್ಲಿ ಐವರು ನ್ಯಾಯಾಧೀಶರು ಕರಾರಿನ ಪರವಾಗಿ, ನಾಲ್ವರು ವಿರುದ್ಧವಾಗಿ ತೀರ್ಪಿತ್ತರು. ಕರಾರು ಉಳಿಯಿತು.

ಎರಡನೆಯ ಹೆಡ್ಡು ಬಾಕಿ ಉಳಿಸಿಕೊಂಡವರ ಬಡ್ಡಿ. ಕಾರ್ಡು ಇಟ್ಟುಕೊಂಡವರಲ್ಲಿ ಎರಡು ಪಂಗಡ. ತಿಂಗಳ ಬಿಲ್ಲನ್ನು ತಿಂಗಳಲ್ಲೇ ತೀರಿಸುವವರು ಒಂದು. ಕನಿಷ್ಠ ಮೊತ್ತ ಕಟ್ಟಿ ಮಿಕ್ಕಿದ್ದನ್ನು ಮುಂದಕ್ಕೆ ತಳ್ಳುವವರು ಇನ್ನೊಂದು. ಎರಡನೆಯವರು ಶೇಕಡಾ 20ಕ್ಕೂ ಮೀರಿದ ಬಡ್ಡಿ ತೆರುತ್ತಾರೆ. 2,000 ಡಾಲರು ಬಾಕಿ, ವರ್ಷಕ್ಕೆ ಶೇಕಡಾ 24ರ ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 40 ಡಾಲರು. ನಾವು ಮೇಲೆ ಹೇಳಿದ 150 ಡಾಲರಿನ ಪುಕ್ಕಟೆ ರಾತ್ರಿ ನಾಲ್ಕು ತಿಂಗಳೊಳಗೆ ಬಡ್ಡಿಯಲ್ಲಿ ಕರಗಿಹೋಯಿತು. ಐದನೆಯ ತಿಂಗಳಿನಿಂದ ಅವನು ಇನ್ನೊಬ್ಬರ ರಾತ್ರಿಗೆ ಬಾಡಿಗೆ ಕಟ್ಟುತ್ತಿದ್ದಾನೆ. ಅಮೆರಿಕದ ಜನರ ಕಾರ್ಡು ಸಾಲ 2023ರಲ್ಲಿ ಒಟ್ಟು ಒಂದು ಲಕ್ಷ ಕೋಟಿ ಡಾಲರನ್ನು ದಾಟಿತು.

ಈ ಹಣ ಯಾರಿಂದ ಯಾರಿಗೆ ಹರಿಯುತ್ತದೆಂಬುದನ್ನು ಅಲ್ಲಿನ ಅರ್ಥಶಾಸ್ತ್ರಜ್ಞರೇ ಅಳೆದಿದ್ದಾರೆ. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಮೂವರು 2010ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ನಗದು ಬಳಸುವ ಕುಟುಂಬವೊಂದು ಸರಾಸರಿಯಲ್ಲಿ ವರ್ಷಕ್ಕೆ 149 ಡಾಲರನ್ನು ಕಾರ್ಡು ಬಳಸುವವರಿಗೆ ದಾಟಿಸುತ್ತಿತ್ತು. ಕಾರ್ಡು ಬಳಸುವ ಕುಟುಂಬಕ್ಕೆ 1,133 ಡಾಲರು ಬರುತ್ತಿತ್ತು. ವರ್ಷಕ್ಕೆ 20,000 ಡಾಲರಿಗಿಂತ ಹೆಚ್ಚು ಆದಾಯವಿಲ್ಲದ ಬಡ ಕುಟುಂಬಗಳು ಸರಾಸರಿ 21 ಡಾಲರು ಕಳೆದುಕೊಂಡರೆ, ಒಂದೂವರೆ ಲಕ್ಷ ಡಾಲರಿಗೆ ಮೇಲ್ಪಟ್ಟ ಕುಟುಂಬಗಳು 750 ಡಾಲರು ಪಡೆಯುತ್ತಿದ್ದವು. ಬಾಕಿಯ ಬಡ್ಡಿಯನ್ನೂ ಗಮನಿಸಿ 2023ರ ಸುಮಾರಿಗೆ ಬಂದ ಇನ್ನೊಂದು ಅಧ್ಯಯನ, ವರ್ಷಕ್ಕೆ ಸುಮಾರು 1,500 ಕೋಟಿ ಡಾಲರು ಬಡವರಿಂದ ಸಿರಿವಂತರಿಗೆ, ಕಡಿಮೆ ಓದಿದವರಿಂದ ಹೆಚ್ಚು ಓದಿದವರಿಗೆ ಸಾಗುತ್ತದೆಂದಿತು. ದುಡ್ಡಿನ ವ್ಯವಹಾರ ಅರಿಯದವನು ಕಟ್ಟುತ್ತಾನೆ, ಅರಿತವನು ಉಣ್ಣುತ್ತಾನೆ ಎಂಬುದು ಅದರ ತಾತ್ಪರ್ಯ.

ಇನ್ನು ಪ್ರತಿವಾದಗಳನ್ನು ಕೇಳೋಣ. ಅವು ಹಗುರವಾದವುಗಳಲ್ಲ.

ಒಂದನೆಯದು: ‘ಕೊಠಡಿ ಹೇಗೂ ಖಾಲಿ ಬಿದ್ದಿರುತ್ತದೆ. ನಾನು ಮಲಗಿದರೆ ಯಾರಿಗೆ ನಷ್ಟ?’ ಖಾಲಿ ಕೊಠಡಿ ಹಾಳಾಗುವ ಸರಕು, ನಿಜ. ನಿನ್ನೆಯ ರಾತ್ರಿಯನ್ನು ಇಂದು ಮಾರಲಾಗದು. ಆದರೆ ಅಲ್ಲಿನ ಹೆಚ್ಚಿನ ಹೋಟೆಲುಗಳಲ್ಲಿ ಬೋರ್ಡು ದೊಡ್ಡ ಕಂಪೆನಿಯದು, ಕಟ್ಟಡ ಬೇರೊಬ್ಬ ಮಾಲಿಕನದು. ಅಂಥ ಮಾಲಿಕರಲ್ಲಿ ಭಾರತೀಯ ಮೂಲದವರು, ಮುಖ್ಯವಾಗಿ ಗುಜರಾತಿಗಳು, ಬಹುಸಂಖ್ಯೆಯಲ್ಲಿದ್ದಾರೆ. ಪಾಯಿಂಟಿನ ಅತಿಥಿ ಬಂದಾಗ ಕಂಪೆನಿ ಮಾಲಿಕನಿಗೆ ಇಂತಿಷ್ಟೆಂದು ತುಂಬಿಕೊಡಬೇಕು. ಆ ಹಣ ಎಲ್ಲಿಂದಲೋ ಬಂದಿರಲೇಬೇಕು. ಹಾಸಿಗೆ ಖಾಲಿಯಿತ್ತೆಂದ ಮಾತ್ರಕ್ಕೆ ಪಾಯಿಂಟು ಶೂನ್ಯದಿಂದ ಹುಟ್ಟಲಿಲ್ಲ.

ಎರಡನೆಯದು: ‘ಅಂಗಡಿಕಾರನಿಗೂ ಲಾಭವಿಲ್ಲವೆ?’ ಇದೆ. ನಗದನ್ನು ಎಣಿಸಬೇಕು, ಕಾಯಬೇಕು, ಬ್ಯಾಂಕಿಗೆ ಸಾಗಿಸಬೇಕು. ಕಳವಿನ ಭಯ ಬೇರೆ. ಕಾರ್ಡಿನ ಗಿರಾಕಿ ಕೈಬಿಚ್ಚಿ ಕೊಳ್ಳುತ್ತಾನೆ. ಆದ್ದರಿಂದ ಕಡಿತವೆಲ್ಲ ಸುಲಿಗೆಯೆಂದರೆ ತಪ್ಪಾದೀತು. ಸೇವೆಗೆ ಕೂಲಿ ನ್ಯಾಯವೇ. ಸೇವೆಯ ಕೂಲಿಗಿಂತ ಮೇಲೆ ಎತ್ತಿದ ಹಣ ಪಾಯಿಂಟಾಗಿ ಮತ್ತೊಬ್ಬನ ಜೇಬಿಗೆ ಹೋಗುವುದು ನ್ಯಾಯವೇ ಎಂಬುದಷ್ಟೇ ಪ್ರಶ್ನೆ.

ಮೂರನೆಯದು ಎಲ್ಲಕ್ಕಿಂತ ಬಲವಾದದ್ದು: ‘ನಾನೊಬ್ಬನು ಕಾರ್ಡು ಬಿಟ್ಟರೆ ಅಂಗಡಿಯ ಬೆಲೆ ಒಂದು ಸೆಂಟೂ ಇಳಿಯುವುದಿಲ್ಲ. ನಗದು ಕೊಡುವ ಬಡವನಿಗೆ ಅದರಿಂದ ಏನೂ ಸಿಗುವುದಿಲ್ಲ. ನಾನೂ ಅವನ ಸಾಲಿನಲ್ಲಿ ನಿಂತು ಹೆಚ್ಚಿನ ಬೆಲೆ ತೆರಬೇಕಾಗುತ್ತದೆ, ಅಷ್ಟೇ.’ ಈ ವಾದವನ್ನು ಒಪ್ಪಲೇಬೇಕು. ಇಲ್ಲಿ ತ್ಯಾಗದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದ್ದರಿಂದ ಕಾರ್ಡು ಬಳಸುವವನು ಕಳ್ಳನೆಂದು ನಾನು ಹೇಳಲಾರೆ. ಆದರೆ ಕಳ್ಳತನವಲ್ಲದ್ದೆಲ್ಲ ಗಳಿಕೆಯೂ ಆಗುವುದಿಲ್ಲ. ‘ನಾನು ಜಾಣ, ಅದಕ್ಕೇ ನನಗೆ ಬಿಟ್ಟಿ ರಾತ್ರಿ’ ಎನ್ನುವವನು ತನ್ನ ಶಿಸ್ತಿನ ಫಲದ ಜೊತೆಗೆ ಇತರರ ಅಸಹಾಯಕತೆಯ ಫಲವನ್ನೂ ತನ್ನ ಜಾಣ್ಮೆಯ ಖಾತೆಗೆ ಜಮಾ ಮಾಡಿಕೊಳ್ಳುತ್ತಾನೆ. ಲೆಕ್ಕದ ಭಾಷೆಯಲ್ಲಿ ಇದು ತಪ್ಪು ಹೆಡ್ಡಿನ ಜಮಾ.

ನಮ್ಮಲ್ಲೂ ಪ್ರವಾಸಿಗೆ ಪುಕ್ಕಟೆ ತಂಗುವ ಏರ್ಪಾಡು ಇರಲಿಲ್ಲವೆ? ಊರೂರಿಗೆ ಛತ್ರಗಳಿದ್ದವು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರವನ್ನು ನೋಡದ ಹಳೆಯ ಕನ್ನಡಿಗರು ಕಡಿಮೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಬ್ಬ ವರ್ತಕರು ತಮ್ಮ ಗಳಿಕೆಯನ್ನು ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಧಾರೆಯೆರೆದು ಕಟ್ಟಿಸಿದ ಛತ್ರ ಅದು. ಅಲ್ಲಿ ತಂಗಿದವನಿಗೆ ತನ್ನ ತಲೆಯ ಮೇಲಿನ ಸೂರು ಯಾರದೆಂದು ಗೊತ್ತಿತ್ತು. ಹೆಸರು ಗೋಡೆಯ ಮೇಲೇ ಇತ್ತು. ಕೊಟ್ಟವರು ತಿಳಿದು, ಮನಸಾರೆ ಕೊಟ್ಟಿದ್ದರು. ಪಡೆದವನಿಗೆ ಋಣದ ಅರಿವಿತ್ತು. ದಾನಕ್ಕೆ ಈ ಮೂರೂ ಬೇಕು: ಕೊಡುವವನ ಹೆಸರು, ಅವನ ಒಪ್ಪಿಗೆ, ಪಡೆದವನ ಅರಿವು. ಕಾರ್ಡಿನ ಪುಕ್ಕಟೆ ರಾತ್ರಿಯಲ್ಲಿ ಮೂರೂ ಇಲ್ಲ. ನಗದು ಎಣಿಸಿಕೊಟ್ಟು ಹಾಲು ಕೊಂಡ ಕೂಲಿಯ ಹೆಂಗಸಿಗೆ ತಾನು ಯಾರದೋ ಹಾಸಿಗೆಗೆ ಕಾಸು ಕೊಟ್ಟೆನೆಂದು ಗೊತ್ತಿಲ್ಲ, ಕೇಳಿದ್ದರೆ ಕೊಡುತ್ತಿರಲಿಲ್ಲ. ಮಲಗಿದವನಿಗೂ ಅವಳ ಸುದ್ದಿಯಿಲ್ಲ. ಛತ್ರದ ಕೊಠಡಿ ‘ಉಚಿತ’ವಾಗಿತ್ತು, ಎರಡೂ ಅರ್ಥದಲ್ಲಿ. ಇದು ‘ಬಿಟ್ಟಿ’, ಅದೂ ಎರಡು ಅರ್ಥದಲ್ಲಿ.

ಇದು ವಿಧಿನಿಯಮವೇನಲ್ಲ, ಮನುಷ್ಯರು ಬರೆದ ನಿಯಮ, ಮನುಷ್ಯರು ಬದಲಾಯಿಸಬಹುದು. ಆಸ್ಟ್ರೇಲಿಯ 2003ರಲ್ಲಿ ಬ್ಯಾಂಕುಗಳ ಈ ಕಡಿತಕ್ಕೆ ಮಿತಿ ಹಾಕಿತು. ಕಾರ್ಡಿನ ಬಹುಮಾನಗಳು ಸೊರಗಿದವು. ಐರೋಪ್ಯ ಒಕ್ಕೂಟ 2015ರಲ್ಲಿ ಕ್ರೆಡಿಟ್ ಕಾರ್ಡಿನ ಕಡಿತದಲ್ಲಿ ಬ್ಯಾಂಕಿನ ಪಾಲು ಶೇಕಡಾ 0.3ನ್ನು ಮೀರಕೂಡದೆಂದಿತು. ಅಮೆರಿಕದಲ್ಲಿ 2011ರಲ್ಲಿ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ ಮಾತ್ರ ಮಿತಿ ಬಂದಿತು. ಕ್ರೆಡಿಟ್ ಕಾರ್ಡನ್ನು ಮುಟ್ಟಲಿಲ್ಲ. ನಮ್ಮ ದೇಶದಲ್ಲಿ 2020ರ ಜನವರಿಯಿಂದ ರುಪೇ ಡೆಬಿಟ್ ಕಾರ್ಡು ಮತ್ತು ಯು.ಪಿ.ಐ. ಪಾವತಿಗೆ ಅಂಗಡಿಕಾರನಿಂದ ಏನೂ ಕಡಿಯಕೂಡದೆಂದು ನಿಯಮವಾಯಿತು. ಅದೂ ಪುಕ್ಕಟೆಯೇನಲ್ಲ. 2024–25ರ ಸಾಲಿನಲ್ಲಿ ಸಣ್ಣ ವ್ಯಾಪಾರಿಗಳ ಯು.ಪಿ.ಐ. ಪಾವತಿಗಳಿಗೆ ಪ್ರೋತ್ಸಾಹಧನವೆಂದು ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿ ಮಂಜೂರು ಮಾಡಿತು. ಇಲ್ಲೂ ಯಾರೋ ತೆರುತ್ತಾರೆ, ನಾವೆಲ್ಲ ತೆರುತ್ತೇವೆ. ಆದರೆ ಹೆಡ್ಡು ಬಹಿರಂಗವಾಗಿದೆ, ಲೋಕಸಭೆಯಲ್ಲಿ ಪ್ರಶ್ನೆ ಕೇಳಬಹುದು. ನ್ಯಾಯದ ಮೊದಲ ಮೆಟ್ಟಿಲು ಅದೇ. ಹೋಟೆಲು ಕಾರ್ಡುಗಳು 2023ರಲ್ಲಿ ಮ್ಯಾರಿಯಟ್ ಹೆಸರಿನಲ್ಲಿ ವಾರ್ಷಿಕ ಶುಲ್ಕ ಸಹಿತವಾಗಿ ಭಾರತಕ್ಕೂ ಬಂದವು. ಆದ್ದರಿಂದ ಈ ವಿಚಾರ ನಮ್ಮ ಮಕ್ಕಳಿಗಷ್ಟೇ ಸಂಬಂಧಿಸಿದ್ದೆಂದು ಸುಮ್ಮನಿರುವಂತಿಲ್ಲ.

ಹಾಗಾದರೆ ಕಾರ್ಡಿರುವವನು ಏನು ಮಾಡಬೇಕು? ಕತ್ತರಿಸಿ ಬಿಸಾಡಬೇಕಾಗಿಲ್ಲ. ಅಮೆರಿಕದಲ್ಲಿ ಮನೆ ಬಾಡಿಗೆಗೆ ಪಡೆಯಲೂ, ಸಾಲ ಎತ್ತಲೂ ಕಾರ್ಡು ನಡೆಸಿದ ಚರಿತ್ರೆ ನೋಡುತ್ತಾರೆ. ಶುಲ್ಕವಿಲ್ಲದ ಹಳೆಯ ಕಾರ್ಡು ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಕಡಿತದ ಭಾರ ತಾಳದ ಸಣ್ಣ ಅಂಗಡಿಯಲ್ಲಿ ನಗದು ಕೊಡುವುದು ಕಷ್ಟವಲ್ಲ. ಕಡಿತಕ್ಕೆ ಮಿತಿ ಬೇಕೆಂಬ ಮಾತು ಅಲ್ಲಿನ ಸಾರ್ವಜನಿಕ ಚರ್ಚೆಗೆ ಬಂದಾಗ ‘ಅಯ್ಯೋ ನನ್ನ ಪಾಯಿಂಟು’ ಎಂದು ಅಡ್ಡ ಬರದಿರುವುದೂ ಕಷ್ಟವಲ್ಲ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಬೇರೆ ಕಡೆ ಇದೆ. ಈ ಕಾರ್ಡುಗಳಲ್ಲಿ ಸ್ನೇಹಿತನಿಗೆ ಶಿಫಾರಸು ಮಾಡಿದರೆ ಶಿಫಾರಸು ಮಾಡಿದವನಿಗೆ ಸಾವಿರಾರು ಪಾಯಿಂಟು ಕೊಡುವ ಏರ್ಪಾಡಿದೆ. ಊರಿನಿಂದ ಎಂ.ಎಸ್. ಓದಲು ಹೊಸದಾಗಿ ಬಂದ ಹುಡುಗ, ದಾವಣಗೆರೆಯವನೋ ಧಾರವಾಡದವನೋ, ಮೊದಲು ಹುಡುಕಿಕೊಂಡು ಬರುವುದು ಅಲ್ಲಿ ನೆಲೆಸಿದ ನಮ್ಮ ಮಕ್ಕಳನ್ನೇ. ಅವನ ತಲೆಯ ಮೇಲೆ ವಿದ್ಯಾಭ್ಯಾಸದ ಸಾಲವಿದೆ. ತಿಂಗಳ ಕೊನೆಗೆ ಕೈ ಬರಿದು. “ಅಣ್ಣ, ಯಾವ ಕಾರ್ಡು ತೆಗೆದುಕೊಳ್ಳಲಿ?” ಎಂದು ಅವನು ಕೇಳಿದಾಗ, ನಾವು ಹೇಳುವ ಮಾತಿನಲ್ಲಿ ನಮ್ಮ ಪಾಯಿಂಟಿನ ಆಸೆ ಎಷ್ಟು, ಅವನ ಹಿತ ಎಷ್ಟು? ಇಲ್ಲಿ ‘ನಾನೊಬ್ಬನು ಬಿಟ್ಟರೆ ಏನಾಗುತ್ತದೆ’ ಎಂಬ ವಾದ ನಡೆಯುವುದಿಲ್ಲ. ಅವನು ಬಾಕಿಯಲ್ಲಿ ಸಿಕ್ಕಿಬಿದ್ದರೆ ಆ ಬಡ್ಡಿ ತೆರುವವನ ಹೆಸರು ನಮಗೆ ಗೊತ್ತು, ಮುಖ ಗೊತ್ತು, ಅವನ ತಂದೆತಾಯಿಗಳೂ ಗೊತ್ತು.

ಆಗ ಅವನಿಗೆ ಲೆಕ್ಕ ಬಿಡಿಸಿ ಹೇಳಬೇಕು: “ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವ ಶಕ್ತಿ ಬರುವ ತನಕ ಪಾಯಿಂಟಿನ ಗೊಡವೆ ಬೇಡ. ಇದು ನಿನಗೆ ಪುಕ್ಕಟೆಯಲ್ಲ, ನನಗೆ ಪುಕ್ಕಟೆ.” ಇಷ್ಟು ಹೇಳಿದರೆ ಕೆಲವು ಸಾವಿರ ಪಾಯಿಂಟು ಕೈತಪ್ಪೀತು. ಹೋಗಲಿ. ಆಡಿಟ್ಟಿನ ಪ್ರಶ್ನೆಗೆ ಸರಿಯಾದ ಉತ್ತರ ಬರೆದಂತಾಗುತ್ತದೆ.